ಪ್ಯಾರಿಸ್ ರೀಡು

ನನ್ನ ಸೋದರಮಾವನ ಬಾಯಲ್ಲಿ ಪ್ಯಾರಿಸ್ ಎಂಬುದು ಊರಿನ ಹೆಸರಾಗಿರಲಿಲ್ಲ, ರೀಡಿನ ಹೆಸರಾಗಿತ್ತು. ಅವರು ಉತ್ತರ ಕರ್ನಾಟಕದ ನಾಟಕ ಕಂಪನಿಗಳಲ್ಲಿ ಪೇಟಿ ಮಾಸ್ತರರಾಗಿ ಊರೂರು ತಿರುಗಿದವರು. ಅವರ ಕಾಲುಪೇಟಿಯ ಹೊಟ್ಟೆಯಲ್ಲಿದ್ದ ಹಿತ್ತಾಳೆಯ ರೀಡುಗಳು ಫ್ರಾನ್ಸಿನಿಂದ ಹಡಗು ಹತ್ತಿ ಬಂದವು. ಕಂಪನಿ ಮಳೆಗಾಲಕ್ಕೆ ಬಿಡುವು ಕೊಟ್ಟಾಗ ಮನೆಗೆ ಬರುತ್ತಿದ್ದ ಮಾಮಾ, ಪಡಸಾಲೆಯಲ್ಲಿ ಪೇಟಿಯ ಮುಂದೆ ಕೂತು ಮಂದ್ರದ ಒಂದೇ ಸ್ವರ ಹಿಡಿದು, ಕಾಲಿನಿಂದ ತಿದಿ ಒತ್ತುತ್ತ, ನನ್ನನ್ನು ಹತ್ತಿರ ಕರೆಯುತ್ತಿದ್ದರು. "ತಮ್ಮಾ, ಕಿವಿಗೊಟ್ಟು ಕೇಳು. ಇದು ಪ್ಯಾರಿಸ್ ರೀಡು. ಇದರ ದನೀನ ಬ್ಯಾರೆ ಐತಿ."

ಅವರು ತೀರಿಕೊಂಡ ಮೇಲೆ ಪೇಟಿ ನನ್ನ ಪಾಲಿಗೆ ಬಂತು. ಮರಕ್ಕೆ ಹುಳ ಬಿದ್ದಿತ್ತು, ತಿದಿಯ ಚರ್ಮ ಹರಿದಿತ್ತು. ದೊಡ್ಡ ಊರಿನ ಒಂದು ಅಂಗಡಿಗೆ ರಿಪೇರಿಗೆ ಕೊಟ್ಟೆ. ಮೂರು ತಿಂಗಳ ಮೇಲೆ ಮನೆಗೆ ಬಂದ ಪೇಟಿ ಥಳಥಳ ಹೊಳೆಯುತ್ತಿತ್ತು. ಸ್ವರ ಹಿಡಿದರೆ, ಮಾಮಾ ಅದರಲ್ಲಿ ಇರಲಿಲ್ಲ. ಹಳೆಯ ರೀಡು ಸವೆದಿದ್ದವು, ಎಲ್ಲವನ್ನೂ ತೆಗೆದು ಹೊಸವನ್ನು ಕೂಡಿಸಿದ್ದೇವೆ ಎಂದರು ಅಂಗಡಿಯವರು. ತೆಗೆದವನ್ನು ಒಂದು ಬಿಸ್ಕೀಟು ಡಬ್ಬಿಯಲ್ಲಿ ಹಾಕಿ ಕೊಟ್ಟರು. ಆ ಡಬ್ಬಿ ಹನ್ನೆರಡು ವರ್ಷ ನನ್ನ ಕಪಾಟಿನಲ್ಲಿ ಕೂತಿತ್ತು. ತೆರೆದು ನೋಡುವ ಧೈರ್ಯ ನನಗಿರಲಿಲ್ಲ.

ಮಗಳು ಕೆಲಸದ ಮೇಲೆ ಪ್ಯಾರಿಸ್ಸಿಗೆ ಹೋಗಿ ನೆಲೆಸಿದಾಗ, ಆ ಊರನ್ನು ನೋಡುವ ಯೋಗ ನನಗೂ ಬಂತು. ಒಂದು ಶನಿವಾರ ರಾತ್ರಿ ಊಟದ ಹೊತ್ತಿಗೆ ಅವಳೆಂದಳು: "ಅಪ್ಪಾ, ನಾಳೆ ಮುಂಜಾನೆ ಲಗೂನ ತಯಾರಾಗು. ನಿಮ್ಮ ಮಾಮಾನ ಪೇಟಿಯ ಮುತ್ತಜ್ಜನ್ನ ತೋರಸ್ತೀನಿ."

*

ಸೇನ್ ನದಿಯ ತೆಂಕಣ ದಂಡೆಯಲ್ಲಿ, ಲಕ್ಸೆಂಬರ್ಗ್ ಉದ್ಯಾನಕ್ಕೆ ಸಮೀಪದಲ್ಲೇ ಸ್ಯಾನ್-ಸುಲ್ಪೀಸ್ ಚರ್ಚಿದೆ. ಎದುರಿಗೆ ಕಲ್ಲುಹಾಸಿನ ಚೌಕ, ನಡುವೆ ಸಿಂಹಗಳಿರುವ ಕಾರಂಜಿ. 1646ರಲ್ಲಿ ಈಗಿನ ಕಟ್ಟಡದ ಕೆಲಸ ಶುರುವಾಗಿ ಮುಂದಿನ ಶತಮಾನದುದ್ದಕ್ಕೂ ನಡೆಯಿತು. ಅದರ ಎರಡು ಗೋಪುರಗಳು ಒಂದನ್ನೊಂದು ಹೋಲುವುದಿಲ್ಲ. ಎತ್ತರವೂ ಬೇರೆ, ಆಕಾರವೂ ಬೇರೆ. ಒಳಗೆ ಕಾಲಿಟ್ಟೊಡನೆ ಬಲಗಡೆಯ ಗುಡಿಯಲ್ಲಿ ದೆಲಾಕ್ರವಾ 1861ರಲ್ಲಿ ಮುಗಿಸಿದ ಭಿತ್ತಿಚಿತ್ರಗಳಿವೆ. ದೇವದೂತನೊಡನೆ ಯಾಕೋಬನ ಕುಸ್ತಿ ಅದರಲ್ಲೊಂದು. ಪವಿತ್ರ ಜಲ ತುಂಬಿಡಲು ಕಂಬಗಳ ಬುಡದಲ್ಲಿ ದೈತ್ಯಗಾತ್ರದ ಕಪ್ಪೆಚಿಪ್ಪುಗಳು.

ನಾವು ಬಲಿಪೂಜೆಗೆ ಬಂದವರ ನಡುವೆ ಕುಳಿತೆವು. ಆರ್ಗನ್ ಇರುವುದು ಹೆಬ್ಬಾಗಿಲ ಮೇಲಿನ ಅಟ್ಟದಲ್ಲಿ. ಜನ ಅದಕ್ಕೆ ಬೆನ್ನು ಮಾಡಿ ಕೂರುತ್ತಾರೆ. ಹೀಗಾಗಿ ನಾನದನ್ನು ನೋಡುವ ಮೊದಲು ಕೇಳಿದೆ. ಮೊದಲು ಬಂದದ್ದು ದನಿಯೆನ್ನಲಾಗದಂಥ ಒಂದು ನಡುಕ. ಕುರ್ಚಿಯ ಕಾಲಿನಿಂದ ಏರಿ ಬೆನ್ನೆಲುಬಿಗೆ ತಾಗಿತು. 32 ಅಡಿಯ ಕೊಳವೆಯ ಅತ್ಯಂತ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 16 ಸಲ ಕಂಪಿಸುತ್ತದೆ. ಅದು ಮನುಷ್ಯನ ಕಿವಿಯ ಹೊಸ್ತಿಲು. ಅದರ ಮೇಲೆ ಕೊಳಲಿನಂಥ ದನಿಯೊಂದು ಎದ್ದಿತು, ಆಮೇಲೆ ತುತ್ತೂರಿಗಳು. ಎಲ್ಲಿಂದಲೋ ಬಾಗಿಲುಗಳು ಒಂದೊಂದಾಗಿ ತೆರೆದ ಹಾಗೆ ನಾದ ಬೆಳೆಯುತ್ತ ಹೋಗಿ ನೂರು ಮೀಟರಿಗೂ ಮಿಕ್ಕಿದ ಆ ಚರ್ಚಿನ ಕಲ್ಲಿನ ಕಮಾನುಗಳನ್ನೆಲ್ಲ ತುಂಬಿತು. ಪಕ್ಕದಲ್ಲಿದ್ದ ಮಗಳು ನನ್ನ ಕೈ ಹಿಡಿದಳು. ನನ್ನ ಕಣ್ಣು ತುಂಬಿದ್ದನ್ನು ಅವಳು ನೋಡಿರಬೇಕು.

ಪೂಜೆ ಮುಗಿದು ತಿರುಗಿ ನಿಂತಾಗ ಕಂಡದ್ದು ಒಂದು ಮರದ ದೇವಾಲಯ. ಕೊರಿಂಥಿಯನ್ ಬೋದಿಗೆಗಳ ಎತ್ತರದ ಕಂಬಗಳು, ಅವುಗಳ ನಡುವೆ ವಾದ್ಯ ಹಿಡಿದ ಮೂರ್ತಿಗಳು, ನಟ್ಟನಡುವೆ ಹಾರ್ಪ್ ನುಡಿಸುವ ದಾವೀದ ರಾಜ. 1776ರಲ್ಲಿ ಇದನ್ನು ರೂಪಿಸಿದ ವಾಸ್ತುಶಿಲ್ಪಿ ಶಾಲ್ಗ್ರಾನ್. ಮುಂದೆ ಆರ್ಕ್ ದ ತ್ರಿಯೋಂಫ್‌ನ ನಕ್ಷೆ ಬರೆದವನೂ ಇವನೇ. ಮೂರ್ತಿಗಳನ್ನು ಕಡೆದವನು ಕ್ಲೋದಿಯೋನ್. ಆರ್ಗನ್ ಎಂದರೆ ಸಾಲಾಗಿ ಮಿನುಗುವ ತವರದ ಕೊಳವೆಗಳು ಎಂದು ಚಿತ್ರದಲ್ಲಿ ನೋಡಿ ತಿಳಿದಿದ್ದ ನನಗೆ ಇಲ್ಲಿ ಕಂಬಗಳ ಸಂದಿಯಲ್ಲಿ ಇಣುಕುವ ಕೆಲವೇ ಕೊಳವೆಗಳು ಕಂಡವು. ಉಳಿದ ಸಾವಿರಾರು ಕೊಳವೆಗಳು ಆ ಮರದ ಗೋಡೆಯ ಹಿಂದಿನ ಕತ್ತಲಲ್ಲಿ, ಅಂತಸ್ತು ಅಂತಸ್ತಾಗಿ ನಿಂತಿವೆ.

*

ಈ ಮರದ ಮಂಟಪದೊಳಗೆ ಮೊದಲು ವಾದ್ಯ ಕಟ್ಟಿದವನು ಫ್ರಾನ್ಸ್ವಾ-ಆನ್ರಿ ಕ್ಲಿಕೋ. ಆರ್ಗನ್ ಕಟ್ಟುವ ಮನೆತನದಲ್ಲಿ ಹುಟ್ಟಿದವನು. ಆ ಕಾಲದ ಫ್ರಾನ್ಸಿನಲ್ಲಿ ಅವನಿಗೆ ಸಮನಾದವರಿರಲಿಲ್ಲ. 1781ರಲ್ಲಿ ಅವನ ಕೆಲಸ ಮುಗಿದಾಗ ಇಲ್ಲಿ ಐದು ಕೀಲಿಮಣೆಗಳೂ 64 ಸ್ಟಾಪುಗಳೂ ಇದ್ದವು. ಸ್ಟಾಪ್ ಎಂದರೆ ಒಂದು ಬಗೆಯ ದನಿಯ ಕೊಳವೆಗಳ ಒಂದು ಇಡೀ ಸಾಲು, ಪ್ರತಿ ಸ್ವರಕ್ಕೆ ಒಂದೊಂದು ಕೊಳವೆ. ಕೊಳಲಿನ ದನಿಗೊಂದು ಸಾಲು, ಶಹನಾಯಿಯಂಥ ಬಿರುಸು ದನಿಗೊಂದು ಸಾಲು. ಹಿಡಿಕೆ ಎಳೆದರೆ ಆ ಸಾಲಿಗೆ ಗಾಳಿ ಸಿಗುತ್ತದೆ, ತಳ್ಳಿದರೆ ಸಾಲು ಮೌನ. ವಾದಕ ಮೊದಲು ದನಿಗಳನ್ನು ಆರಿಸಿ ಬಣ್ಣ ಬೆರೆಸಬೇಕು, ಆಮೇಲೆ ನುಡಿಸಬೇಕು.

ಕ್ಲಿಕೋ 1790ರಲ್ಲಿ ತೀರಿಕೊಂಡ. ಅಷ್ಟರಲ್ಲಿ ಕ್ರಾಂತಿಯ ಬಿರುಗಾಳಿ ಎದ್ದಿತ್ತು. ಚರ್ಚುಗಳು ಮುಚ್ಚಿದವು, ಎಷ್ಟೋ ಆರ್ಗನ್‌ಗಳು ಹಾಳಾದವು. ಸ್ಯಾನ್-ಸುಲ್ಪೀಸ್ 'ವಿಜಯ ಮಂದಿರ'ವಾಗಿ ಹೆಸರು ಬದಲಿಸಿಕೊಂಡಿತು. 1799ರ ನವೆಂಬರಿನಲ್ಲಿ, ನೆಪೋಲಿಯನ್ ಅಧಿಕಾರ ಹಿಡಿಯುವ ಕೆಲವೇ ದಿನ ಮುಂಚೆ, ಇದೇ ಕಮಾನುಗಳ ಕೆಳಗೆ ಅವನಿಗೆ ದೊಡ್ಡ ಔತಣ ನಡೆಯಿತು. ಪೂಜೆಗೆಂದು ಕಟ್ಟಿದ ವಾದ್ಯ ಊಟದ ಪಂಕ್ತಿಗೆ ನುಡಿಯಿತು. ಹೇಗಾದರೇನು, ಅದು ಉಳಿದುಕೊಂಡಿತು.

ಮುಂದಿನ ಪೀಳಿಗೆಗೆ ಕಿವಿ ಬದಲಾಗಿತ್ತು. ಬೀಥೋವನ್ ಕೇಳಿದ ಕಿವಿಗಳಿಗೆ ವಾದ್ಯವೃಂದದ ಏರಿಳಿತ ಬೇಕಾಗಿತ್ತು. 1830-40ರ ದಶಕಗಳಲ್ಲಿ ನಡೆದ ಒಂದು ದೊಡ್ಡ ದುರಸ್ತಿ ಯಾರಿಗೂ ಸಮಾಧಾನ ತರಲಿಲ್ಲ. ಆಗ ಕರೆ ಹೋದದ್ದು ಅರಿಸ್ತೀದ್ ಕವಾಯೆ-ಕೋಲ್ ಎಂಬವನಿಗೆ.

ಈ ಹೆಸರಿನ ಬಳಿ ನಾನು ನಿಂತೆ. ಮಗಳು ಪೇಟಿಯ ಮುತ್ತಜ್ಜ ಎಂದದ್ದು ಬರೀ ಪ್ರೀತಿಯ ಮಾತಲ್ಲವೆಂದು ತಿಳಿದದ್ದು ಇಲ್ಲೇ. 1811ರಲ್ಲಿ ಮೊಂಪೆಲಿಯೆಯಲ್ಲಿ ಹುಟ್ಟಿದ ಕವಾಯೆ-ಕೋಲ್, ಇಪ್ಪತ್ತರ ಆಸುಪಾಸಿನಲ್ಲಿ, ಲೋಹದ ನಾಲಗೆಗಳಿಗೆ ಗಾಳಿ ಊದಿ ನುಡಿಸುವ ಒಂದು ಸಣ್ಣ ಕೀಲಿವಾದ್ಯ ಮಾಡಿದ್ದ. ಕಾಲಿನ ಒತ್ತಡದಿಂದ ಅದರ ದನಿಯನ್ನು ಏರಿಸಿ ಇಳಿಸಬಹುದಿತ್ತು. ಅದನ್ನು ತುಲೂಸ್ ನಗರದಲ್ಲಿ ಕೇಳಿದ ಸಂಗೀತಕಾರ ರೊಸ್ಸೀನಿ, ನೀನು ಪ್ಯಾರಿಸ್ಸಿಗೆ ಹೋಗು ಎಂದು ಈ ಹುಡುಗನಿಗೆ ಹೇಳಿದ. ಅಂಥ ಪ್ರಯೋಗಗಳ ಸಾಲಿನಲ್ಲೇ ಮುಂದೆ, 1840ರ ದಶಕದ ಆರಂಭದಲ್ಲಿ, ದೆಬ್ಯಾನ್ ಎಂಬ ಪ್ಯಾರಿಸ್ಸಿನ ಕುಶಲಕರ್ಮಿ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಆ ಹಾರ್ಮೋನಿಯಂ ಪಾದ್ರಿಗಳ, ವ್ಯಾಪಾರಿಗಳ ಜೊತೆ ಹಿಂದುಸ್ತಾನಕ್ಕೆ ಬಂತು. ಕೊನೆಗೆ ನಮ್ಮ ನಾಟಕದ ರಂಗದ ಮುಂದೆ, ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ, ನನ್ನ ಮಾಮಾನ ಬೆರಳ ಕೆಳಗೆ ಕೂತಿತು.

*

ಬಲಿಪೂಜೆಯ ನಂತರ ಆಸಕ್ತರನ್ನು ಆರ್ಗನ್ ಅಟ್ಟಕ್ಕೆ ಬರಮಾಡಿಕೊಳ್ಳುವುದು ಇಲ್ಲಿ ಹಳೆಯ ವಾಡಿಕೆ. ಮಗಳು ಮೊದಲೇ ವಿಚಾರಿಸಿಟ್ಟಿದ್ದಳು. ಸುರುಳಿ ಮೆಟ್ಟಿಲು, ಕಲ್ಲು ನಡುವೆ ಸವೆದು ಬಟ್ಟಲಿನಂತಾಗಿತ್ತು. ನನ್ನ ಮೊಣಕಾಲಿಗೆ ಅದು ಸುಲಭವಿರಲಿಲ್ಲ, ಆದರೆ ಮೇಲೆ ಹೋದೊಡನೆ ನೋವು ಮರೆಯಿತು.

ನುಡಿಸುವ ಜಾಗ ಒಂದು ಪುಟ್ಟ ರಂಗಮಂದಿರದಂತಿದೆ. ಒಂದರ ಮೇಲೊಂದು ಐದು ಕೀಲಿಮಣೆ, ಒಂದೊಂದರಲ್ಲಿ 56 ಮನೆ. ಕಾಲಿನಿಂದ ನುಡಿಸಲು ಕೆಳಗೆ 30 ಮರದ ಪಟ್ಟಿ. ಎಡಕ್ಕೂ ಬಲಕ್ಕೂ ಅರ್ಧಚಂದ್ರಾಕಾರದ ಮೆಟ್ಟಿಲುಗಳಲ್ಲಿ ಸ್ಟಾಪುಗಳ ಹಿಡಿಕೆಗಳು. ವಾದಕ ಕೊಳವೆಗಳಿಗೆ ಬೆನ್ನು ಮಾಡಿ, ದೂರದ ಬಲಿಪೀಠದ ಕಡೆ ಮುಖ ಮಾಡಿ ಕೂರುತ್ತಾನೆ. ಅವನ ಅಕ್ಕಪಕ್ಕ ಇಬ್ಬರು ಸಹಾಯಕರು ನಿಂತಿದ್ದರು. ಹೊಸ ಆರ್ಗನ್‌ಗಳಲ್ಲಿ ಯಾವ ಘಳಿಗೆಗೆ ಯಾವ ಸ್ಟಾಪ್ ಎಂಬುದನ್ನು ಕಂಪ್ಯೂಟರ್ ನೆನಪಿಟ್ಟುಕೊಳ್ಳುತ್ತದೆ. ಇಲ್ಲಿ ಅದನ್ನು ಮನುಷ್ಯರೇ ನೆನಪಿಟ್ಟುಕೊಂಡು ಎಳೆಯಬೇಕು. ಮೂವರ ಆರು ಕೈಗಳು ಒಂದೇ ಉಸಿರಿಗೆ ಆಡುವುದನ್ನು ನೋಡಿದಾಗ, ತಬಲಾದವನ ಕಣ್ಸನ್ನೆಗೆ ಕಾಯುತ್ತಿದ್ದ ಮಾಮಾ ನೆನಪಾದರು.

ಕವಾಯೆ-ಕೋಲ್ ಇಲ್ಲಿ ಮಾಡಿದ ಕೆಲಸವನ್ನು ಅಲ್ಲಿ ನಿಂತೇ ಅರ್ಥ ಮಾಡಿಕೊಳ್ಳಬೇಕು. 1857ರ ಸುಮಾರಿಗೆ ಕೈಹಾಕಿ 1862ರಲ್ಲಿ ಮುಗಿಸಿದ. 64 ಇದ್ದ ಸ್ಟಾಪುಗಳು 100 ಆದವು. ಕೊಳವೆಗಳು ಸುಮಾರು 7,000. ಅಂದಿನ ಯುರೋಪಿನಲ್ಲಿ ನೂರು ಸ್ಟಾಪುಗಳ ಆರ್ಗನ್ ಜರ್ಮನಿಯ ಉಲ್ಮ್‌ನಲ್ಲಿ ಒಂದಿತ್ತು, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಒಂದಿತ್ತು, ಮೂರನೆಯದು ಇದು.

ಇಷ್ಟು ದೊಡ್ಡ ವಾದ್ಯಕ್ಕೆ ಮೊದಲ ಕಷ್ಟ ಬೆರಳಿನದು. ಮನೆಯೊಂದನ್ನು ಒತ್ತಿದರೆ ಸಣ್ಣ ಮರದ ಕಡ್ಡಿಗಳ ಸರಣಿ ಎಲ್ಲೋ ಮೇಲಿನ ಅಂತಸ್ತಿನ ಗಾಳಿಬಾಗಿಲನ್ನು ಎಳೆದು ತೆರೆಯಬೇಕು. ಹಲವು ಕೀಲಿಮಣೆಗಳನ್ನು ಜೋಡಿಸಿ ನುಡಿಸಿದರೆ ಒಂದು ಬೆರಳು ಅಷ್ಟೂ ಬಾಗಿಲುಗಳ ಭಾರ ಹೊರಬೇಕು. ಇದಕ್ಕೆ ಬಾರ್ಕರ್ ಎಂಬ ಇಂಗ್ಲಿಷ್ ಕುಶಲಕರ್ಮಿ ಉಪಾಯ ಕಂಡುಹಿಡಿದಿದ್ದ: ಬೆರಳು ಒಂದು ಪುಟ್ಟ ತಿದಿಗೆ ಗಾಳಿ ಬಿಟ್ಟರೆ ಸಾಕು, ಆ ತಿದಿ ಉಬ್ಬಿ ಉಳಿದ ಭಾರವನ್ನೆಲ್ಲ ಎಳೆಯುತ್ತದೆ. ವಾದ್ಯಕ್ಕೆ ದನಿ ಕೊಡುವ ಗಾಳಿಯೇ ವಾದಕನ ಬೆರಳಿಗೂ ಬಲ ಕೊಡುತ್ತದೆ. ಸ್ಯಾನ್-ದನೀಯ ಚರ್ಚಿನಲ್ಲಿ 1841ರಲ್ಲಿ ಇದನ್ನು ಮೊದಲು ಬಳಸಿದ ಕವಾಯೆ-ಕೋಲ್ ಇಲ್ಲೂ ಅದನ್ನೇ ಅಳವಡಿಸಿದ.

ಎರಡನೆಯ ಕಷ್ಟ ಗಾಳಿಯದು. ಒಂದೇ ಒತ್ತಡದ ಗಾಳಿಯಲ್ಲಿ ಕೆಳಗಿನ ಸ್ವರಗಳು ತುಂಬಿ ನುಡಿದು ಮೇಲಿನವು ಸೊರಗುತ್ತವೆ. ಅವನು ಮೇಲಿನ ಸ್ಥಾಯಿಗೆ ಹೆಚ್ಚು ಒತ್ತಡದ ಗಾಳಿಯನ್ನು ಬೇರೆಯಾಗಿ ಕೊಟ್ಟ. ಕೊಳಲು ನುಡಿಸುವವರು ಅದೇ ತೂತಿನ ಮೇಲೆ ಉಸಿರು ಬಿಗಿಮಾಡಿ ತಾರಸ್ಥಾಯಿಗೆ ಹಾರುವುದು ನಮಗೆ ಗೊತ್ತು. ಅವನ 'ಹಾರ್ಮೋನಿಕ್' ಕೊಳಲುಗಳ ಗುಟ್ಟೂ ಅದೇ. ಬೇಕಾದುದಕ್ಕಿಂತ ಎರಡರಷ್ಟು ಉದ್ದದ ಕೊಳವೆ, ಅದರ ನಡುವೆ ಒಂದು ಸಣ್ಣ ರಂಧ್ರ. ಬಿರುಸಾಗಿ ಊದಿದಾಗ ಕೊಳವೆ ಮೇಲಿನ ಸ್ಥಾಯಿಯಲ್ಲಿ ದುಂಡಗೆ ನುಡಿಯುತ್ತದೆ. ಇನ್ನೊಂದು ಗುಂಪಿನ ಕೊಳವೆಗಳನ್ನು ಮರದ ಕೋಣೆಯೊಳಗಿಟ್ಟು, ಕೋಣೆಗೆ ತೆರೆದು ಮುಚ್ಚುವ ಪಟ್ಟಿಬಾಗಿಲುಗಳನ್ನಿಟ್ಟು, ಅವನ್ನು ವಾದಕನ ಕಾಲಿಗೆ ಕಟ್ಟಿದ. ಬೆಳಿಗ್ಗೆ ಕೆಳಗೆ ಕೂತಾಗ ಬಾಗಿಲು ತೆರೆದಂತೆ ನಾದ ಬೆಳೆಯಿತೆಂದೆನಲ್ಲ, ಅಲ್ಲಿ ನಿಜವಾಗಿಯೂ ಬಾಗಿಲುಗಳೇ ತೆರೆದಿದ್ದವು.

ಇಷ್ಟೆಲ್ಲ ಹೊಸದನ್ನು ತಂದವನು ಹಳೆಯದನ್ನು ಏನು ಮಾಡಿದ? ನನಗೆ ಬೇಕಾಗಿದ್ದ ಉತ್ತರ ಇದೊಂದೇ. ಅವನು ಕ್ಲಿಕೋನ ಕೊಳವೆಗಳಲ್ಲಿ ಬಹಳಷ್ಟನ್ನು ಇಟ್ಟುಕೊಂಡ. ಆಗ ಅವುಗಳ ವಯಸ್ಸು ಎಂಬತ್ತು. ಅವುಗಳ ದನಿ ಹಳೆಯ ಕಾಲದ ರುಚಿಯದು. ಕರಗಿಸಿ ಹೊಸ ಲೋಹ ಮಾಡಿದ್ದರೆ ಕೇಳುವವರಿರಲಿಲ್ಲ. ಅವನು ಅವುಗಳಿಗೆ ಹೊಸ ಗಾಳಿಪೆಟ್ಟಿಗೆಯಲ್ಲಿ ಜಾಗ ಮಾಡಿಕೊಟ್ಟ. ತನ್ನ ಕೊಳವೆಗಳ ನಡುವೆ ಅವು ಬೆರೆಯುವಂತೆ ದನಿ ತಿದ್ದಿದ. ಶಾಲ್ಗ್ರಾನ್‌ನ ಮರದ ಮಂಟಪ ಇದ್ದಲ್ಲೇ ಇದ್ದು, ಅದರೊಳಗೆ ಎರಡು ಶತಮಾನಗಳು ಒಂದೇ ಗಾಳಿಯನ್ನು ಉಸಿರಾಡತೊಡಗಿದವು. ಅಟ್ಟದ ಹಿಂದಿನ ಪುಟ್ಟ ಕೋಣೆಯಲ್ಲಿ, ಹಿಂದಿನ ವಾದಕರ ಚಿತ್ರಪಟಗಳ ನಡುವೆ, ಕ್ಲಿಕೋನ ಕಾಲದ ಕೀಲಿಮಣೆಗಳನ್ನೂ ಕಾಪಾಡಿ ಇಟ್ಟಿದ್ದಾರೆ.

ಜೀರ್ಣೋದ್ಧಾರ ಎಂಬ ಮಾತು ನಮ್ಮಲ್ಲಿದೆ. ಜೀರ್ಣವಾದದ್ದನ್ನು ಎತ್ತಿ ನಿಲ್ಲಿಸುವುದು ಎಂದು ಅದರ ಅರ್ಥ. ಕಿತ್ತೆಸೆದು ಬೇರೊಂದನ್ನು ತರುವುದಕ್ಕೆ ಆ ಮಾತು ಸಲ್ಲದು. ಆ ಮಾತಿನ ಪೂರ್ತಿ ಅರ್ಥ ನನಗೆ ಹೊಳೆದದ್ದು ಪ್ಯಾರಿಸ್ಸಿನ ಒಂದು ಅಟ್ಟದಲ್ಲಿ.

*

1862ರ ಏಪ್ರಿಲ್ 29ರಂದು ಆರ್ಗನ್ ಉದ್ಘಾಟನೆಯಾಯಿತು. ಸೆಸಾರ್ ಫ್ರಾಂಕ್, ಸ್ಯಾನ್-ಸಾನ್ಸ್, ಗಿಲ್ಮಾನ್‌ರಂಥವರು ನುಡಿಸಿದರು. ಆದರೆ ಇದರ ಮುಂದಿನ ಭಾಗ್ಯ ಬರೆದವರು ಇಬ್ಬರು.

1870ರ ಜನವರಿಯಲ್ಲಿ 25 ವರ್ಷದ ಷಾರ್ಲ್-ಮರೀ ವಿಡೋರ್ ಇಲ್ಲಿಗೆ ವಾದಕನಾಗಿ ಬಂದ. ನೇಮಕ ತಾತ್ಕಾಲಿಕ, ಒಂದು ವರ್ಷಕ್ಕೆ ಮಾತ್ರ. ಅವನು ಎದ್ದದ್ದು 1933ರ ಕೊನೆಗೆ, ಸುಮಾರು 64 ವರ್ಷಗಳ ನಂತರ. ಒಂದೇ ವಾದ್ಯದಲ್ಲಿ ಇಡೀ ವಾದ್ಯವೃಂದ ಅಡಗಿರುವುದನ್ನು ಕೇಳಿಸಿಕೊಂಡ ಅವನು ಆರ್ಗನ್‌ಗೆಂದೇ ಹತ್ತು ಸಿಂಫನಿ ಬರೆದ. ಅಲ್ಸೇಸಿನಿಂದ ಬಂದ ಆಲ್ಬರ್ಟ್ ಶ್ವೈಟ್ಸರ್ ಅವನ ಶಿಷ್ಯ. ಆಫ್ರಿಕಾದಲ್ಲಿ ಆಸ್ಪತ್ರೆ ಕಟ್ಟಿದ ಅದೇ ಶ್ವೈಟ್ಸರ್. ಹಳೆಯ ಆರ್ಗನ್‌ಗಳನ್ನು ಕಿತ್ತು ಕಾರ್ಖಾನೆಯ ಮಾಲು ಕೂಡಿಸುವುದರ ವಿರುದ್ಧ ಅವರು ಬಹಳ ಹೋರಾಡಿದರು. ವಿಡೋರ್‌ನ ವಿದಾಯದ ಹೊತ್ತಿಗೆ ಕಾಲಿನ ಸ್ವರಗಳಿಗೆ ಎರಡು ಸ್ಟಾಪ್ ಸೇರಿ 100 ಇದ್ದದ್ದು 102 ಆಯಿತು. 1937ರಲ್ಲಿ ತೀರಿಕೊಂಡ ವಿಡೋರ್ ಇದೇ ಚರ್ಚಿನ ನೆಲಮಾಳಿಗೆಯಲ್ಲಿ ಮಲಗಿದ್ದಾನೆ.

1934ರಲ್ಲಿ ಬಂದವನು ಮಾರ್ಸೆಲ್ ದ್ಯುಪ್ರೆ. ಇವನ ಕಥೆ ನನ್ನನ್ನು ಇನ್ನೂ ಹೆಚ್ಚು ತಟ್ಟಿತು, ಏಕೆಂದರೆ ದ್ಯುಪ್ರೆಗೆ ಹೊಸ ಯಂತ್ರಗಳೆಂದರೆ ಬಲು ಇಷ್ಟ. ಪ್ಯಾರಿಸ್ ಹೊರವಲಯದ ಮ್ಯುದೋನ್‌ನ ತನ್ನ ಮನೆಯಲ್ಲಿದ್ದ ಆರ್ಗನ್‌ಗೆ ವಿದ್ಯುತ್ ಜೋಡಿಸಿ, ಅದನ್ನು ಹಿಗ್ಗಿಸಿ, ಹೊಸ ಹೊಸ ಸಾಧನಗಳನ್ನು ಅಳವಡಿಸಿ ನೋಡಿದವನು ಅವನು. ಆದರೂ ಈ ಅಟ್ಟಕ್ಕೆ ಬಂದಾಗ ಅವನು ಸುಮ್ಮನೆ ಕೂತು ನುಡಿಸಿದ. ಇಲ್ಲಿನ ಕಡ್ಡಿ, ತಿದಿ, ಬಾಗಿಲುಗಳನ್ನು ಹಾಗೇ ಬಿಟ್ಟ. ಬದಲಿಸುವ ವಿದ್ಯೆ ಬಲ್ಲವನು, ಬದಲಿಸುವ ಅಧಿಕಾರ ಉಳ್ಳವನು ಕೈ ಕಟ್ಟಿಕೊಳ್ಳುವುದು ದೊಡ್ಡ ಸಂಯಮ. 1971ರ ಪೆಂತೆಕೊಸ್ತ್ ಹಬ್ಬದ ಭಾನುವಾರ ಅವನು ತೀರಿಕೊಂಡ. 1870ರಿಂದ 1971ರವರೆಗೆ, ನೂರೊಂದು ವರ್ಷ, ಇಬ್ಬರೇ ಈ ಪೀಠದ ಮೇಲೆ ಕೂತರು. ಆ ನೂರು ವರ್ಷಗಳಲ್ಲಿ ಫ್ರಾನ್ಸಿನ ಎಷ್ಟೋ ಆರ್ಗನ್‌ಗಳನ್ನು ಹೊಸ ರುಚಿಗೆ ತಕ್ಕಂತೆ ತಿದ್ದಿದರು, ಕವಾಯೆ-ಕೋಲ್‌ನ ದನಿ ಹಲವು ಕಡೆ ಕಳೆದುಹೋಯಿತು. ಇಲ್ಲಿ ಉಳಿಯಿತು. 1991ರಲ್ಲಿ ಮುಗಿದ ದೊಡ್ಡ ದುರಸ್ತಿಯೂ ಇದ್ದದ್ದನ್ನು ಇದ್ದಂತೆ ಉಳಿಸುವುದಕ್ಕೇ ನಡೆಯಿತು.

ಅಂದು ಮಧ್ಯಾಹ್ನ ನಾವು ನೋತ್ರ್ ದಾಮ್ ಕಡೆ ನಡೆದೆವು. ಅಲ್ಲಿಗೆ ಕಾಲು ಗಂಟೆಯ ದಾರಿ. ಅಲ್ಲಿಯ ಆರ್ಗನ್ ಕೂಡ ಹಳೆಯ ಕೊಳವೆಗಳನ್ನು ಉಳಿಸಿಕೊಂಡು ಕವಾಯೆ-ಕೋಲ್ 1868ರಲ್ಲಿ ಕಟ್ಟಿದ್ದೇ. ಆದರೆ ಅದರ ಹಣೆಬರಹ ಬೇರೆ. 1960ರ ದಶಕದಲ್ಲಿ ಅದರ ಕೀಲಿಗಳಿಗೆ ವಿದ್ಯುತ್ ಬಂತು, 1990ರ ದಶಕದಲ್ಲಿ ಕಂಪ್ಯೂಟರ್ ಬಂತು, ಸ್ಟಾಪುಗಳು 115ಕ್ಕೆ ಏರಿದವು. 2019ರ ಏಪ್ರಿಲ್ 15ರ ಬೆಂಕಿಯಲ್ಲಿ ಅದು ಸುಡಲಿಲ್ಲ. ಆದರೆ ಕರಗಿದ ಚಾವಣಿಯ ಸೀಸದ ಧೂಳು ಅದರ ಮೇಲೆಲ್ಲ ಕೂತಿತು. ಸುಮಾರು 8,000 ಕೊಳವೆಗಳನ್ನು ಬಿಚ್ಚಿ, ಒಂದೊಂದನ್ನೂ ತೊಳೆದು, ಮತ್ತೆ ಜೋಡಿಸಿ, ಶ್ರುತಿ ಮಾಡಿದರು. 2024ರ ಡಿಸೆಂಬರಿನಲ್ಲಿ ಅದು ಮತ್ತೆ ನುಡಿಯಿತು. ಅಲ್ಲಿನ ಬದಲಾವಣೆಗಳನ್ನು ತಪ್ಪೆಂದು ಹೇಳಲು ನನಗೆ ಮನಸ್ಸು ಬರಲಿಲ್ಲ. ಆ ವಾದ್ಯವನ್ನು ಪ್ರೀತಿಸಿದವರೇ ಅವನ್ನು ಮಾಡಿದ್ದು. ಬದಲಾಯಿಸುವವನು ಮೊದಲು ಹಳೆಯ ದನಿಯನ್ನು ಕೂತು ಕೇಳಿಸಿಕೊಂಡನೇ ಎಂಬುದಷ್ಟೇ ನನ್ನ ಪ್ರಶ್ನೆ. ನನ್ನ ಪೇಟಿಯ ವಿಷಯದಲ್ಲಿ ಆ ತಪ್ಪು ಅಂಗಡಿಯವರಿಗಿಂತ ಹೆಚ್ಚಾಗಿ ನನ್ನದು. ಅವರಿಗೆ ಕೊಡುವ ಮುಂಚೆ ಮಾಮಾನ ದನಿ ಎಲ್ಲಿದೆ, ಚರ್ಮದಲ್ಲೋ, ಮರದಲ್ಲೋ, ಹಿತ್ತಾಳೆಯಲ್ಲೋ ಎಂದು ನಾನು ಕೇಳಿಕೊಂಡೇ ಇರಲಿಲ್ಲ. ಮಾಮಾ ನೂರು ಸಲ ಹೇಳಿದ್ದರು.

*

ಧಾರವಾಡಕ್ಕೆ ಮರಳಿದ ವಾರದಲ್ಲೇ ಬಿಸ್ಕೀಟು ಡಬ್ಬಿ ತೆಗೆದೆ. ಹಳೆಯ ಪೇಟಿ ರಿಪೇರಿ ಮಾಡುವ ವಯಸ್ಸಾದ ಒಬ್ಬರು ಹುಬ್ಬಳ್ಳಿಯಲ್ಲಿದ್ದಾರೆಂದು ಕೇಳಿ ಹುಡುಕಿಕೊಂಡು ಹೋದೆ. ಅವರು ಡಬ್ಬಿಯನ್ನು ಒಂದು ಬಿಳಿ ಬಟ್ಟೆಯ ಮೇಲೆ ಸುರುವಿದರು. ಕನ್ನಡಕ ಏರಿಸಿ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ಕಾನಸದ ಗುರುತು ಹುಡುಕಿದರು. ಕೆಲವು ರೀಡುಗಳ ನಾಲಗೆ ಸೀಳಿತ್ತು. ಅವನ್ನು ಬೇರೆ ಇಟ್ಟರು. ಆಮೇಲೆ ಉದ್ದನೆಯದೊಂದನ್ನು ತುಟಿಗಿಟ್ಟು ಮೆಲ್ಲಗೆ ಊದಿದರು. ಹನ್ನೆರಡು ವರ್ಷ ಕತ್ತಲಲ್ಲಿದ್ದ ಮಂದ್ರದ ಷಡ್ಜ ಆ ಸಣ್ಣ ಖೋಲಿಯಲ್ಲಿ ಎದ್ದಿತು.

"ಹೊಸಾ ತಿದಿ ಚಲೋ ಐತ್ರಿ, ಅದು ಇರಲಿ," ಎಂದರು. "ಪೆಟ್ಟಿಗಿನೂ ಇರಲಿ. ಸೀಳಿದ ಕಡೆ ಹೊಸಾ ರೀಡು ಹಾಕೂಣು. ಉಳಿದದ್ದಕ್ಕೆಲ್ಲಾ ಇವನ್ನ ಕೂಡಸೂಣು. ಹೊಸಾವನ್ನ ಇವುಗಳ ದನಿಗೆ ತಿದ್ದೂದು ನನ್ನ ಕೆಲಸ."

ನಾನು ಅವರಿಗೆ ಸ್ಯಾನ್-ಸುಲ್ಪೀಸ್ ಬಗ್ಗೆ ಏನೂ ಹೇಳಿರಲಿಲ್ಲ. ಅವರು ರೀಡನ್ನು ಅಂಗೈಯಲ್ಲಿಟ್ಟುಕೊಂಡು ಇನ್ನೊಮ್ಮೆ ನೋಡಿ, ಬಹಳ ದಿನದ ಮೇಲೆ ಪರಿಚಿತರೊಬ್ಬರನ್ನು ಕಂಡವರ ಹಾಗೆ, ತಮ್ಮಷ್ಟಕ್ಕೆ ಹೇಳಿಕೊಂಡರು: "ಪ್ಯಾರಿಸ್ ರೀಡು."